ಹಳೆಯ ಸೇನಾ ಪದಕಗಳು ಮತ್ತು ಬ್ಯಾಡ್ಜುಗಳು: ಸಂಗ್ರಹ ಹಾಗೂ ಗುರುತಿಸುವಿಕೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು, ಬ್ರಿಟಿಷ್ ಭಾರತದ ಸೇನೆ ಮತ್ತು ಮೈಸೂರಿನಂತಹ ಸಂಸ್ಥಾನಗಳ ಸೇನೆಗಳಿಗೆ ಸಂಬಂಧಿಸಿದ ಪದಕ ಹಾಗೂ ಬ್ಯಾಡ್ಜುಗಳ ಬಗ್ಗೆ ಹೊಸ ಸಂಗ್ರಾಹಕರೂ, ಮನೆಯಲ್ಲಿ ಹಿರಿಯರ ಪದಕವನ್ನು ಇಟ್ಟುಕೊಂಡವರೂ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಸ್ವಾತಂತ್ರ್ಯಾನಂತರದ ಪದಕಗಳನ್ನು ಅಗತ್ಯವಿದ್ದಲ್ಲಿ ಮಾತ್ರ ಪ್ರಸ್ತಾಪಿಸಿದ್ದೇವೆ.

ಅಜ್ಜನ ಪೆಟ್ಟಿಗೆಯಲ್ಲಿ ಒಂದು ಹಳೆಯ ಪದಕ ಸಿಕ್ಕಿದೆ. ಮೊದಲು ಏನನ್ನು ನೋಡಬೇಕು?

ಅಂಚನ್ನು ನೋಡಬೇಕು. ಹೆಚ್ಚಿನವರು ರಾಜನ ಮುಖವನ್ನೂ ಹಿಂಬದಿಯ ಚಿತ್ರವನ್ನೂ ನೋಡಿ ಪದಕವನ್ನು ಕೆಳಗಿಡುತ್ತಾರೆ. ಆದರೆ ಆ ಎರಡು ಮುಖಗಳು ಲಕ್ಷಾಂತರ ಪದಕಗಳಿಗೆ ಸಮಾನವಾದವು. ಆ ಒಂದು ಪದಕಕ್ಕೆ ಮಾತ್ರ ಸೇರಿದ್ದು ಅದರ ದಪ್ಪದ ಅಂಚಿನಲ್ಲಿ ಸುತ್ತಲೂ ಒತ್ತಿದ ಸಣ್ಣ ಅಕ್ಷರಗಳ ಸಾಲು. ಬ್ರಿಟಿಷ್ ಪದ್ಧತಿಯಲ್ಲಿ ಯುದ್ಧಸೇವಾ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು ಮತ್ತು ದಳದ ಹೆಸರು ಇದೇ ಕ್ರಮದಲ್ಲಿ ಇರುತ್ತವೆ. ನಕ್ಷತ್ರಾಕಾರದ 1914ರ ಸ್ಟಾರ್ ಮತ್ತು 1914-15ರ ಸ್ಟಾರ್ ಪದಕಗಳಿಗೆ ದಪ್ಪ ಅಂಚಿಲ್ಲದಿರುವುದರಿಂದ ಈ ವಿವರವನ್ನು ಅವುಗಳ ಬೆನ್ನಿನ ಮೇಲೆ ಒತ್ತಲಾಗಿದೆ.

ಅಕ್ಷರಗಳು ಸವೆದು ಕಾಣದಂತಾಗಿದ್ದರೆ ಉಜ್ಜಬಾರದು. ಕತ್ತಲೆಯ ಕೋಣೆಯಲ್ಲಿ ಒಂದು ಟಾರ್ಚಿನ ಬೆಳಕನ್ನು ಅಂಚಿಗೆ ಬಹುತೇಕ ಸಮಾನಾಂತರವಾಗಿ ಬೀಳುವಂತೆ ಹಿಡಿದು, ಪದಕವನ್ನು ನಿಧಾನವಾಗಿ ತಿರುಗಿಸುತ್ತ ಭೂತಗನ್ನಡಿಯಲ್ಲಿ ನೋಡಿದರೆ, ಹಗಲಿನಲ್ಲಿ ಕಾಣದ ಅಕ್ಷರಗಳ ಗೆರೆಗಳು ನೆರಳಿನಿಂದ ಮೂಡಿ ಬರುತ್ತವೆ.

ಅಂಚಿನ ಮೇಲಿನ ಸಂಕ್ಷಿಪ್ತ ಅಕ್ಷರಗಳನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ದರ್ಜೆಯಿಂದ ಆರಂಭಿಸುವುದು ಸುಲಭ. ಕಾಲಾಳು ಪಡೆಯಲ್ಲಿ ಸಿಪಾಯಿ, ನಾಯಕ್, ಹವಲ್ದಾರ್, ಜಮಾದಾರ್, ಸುಬೇದಾರ್ ಎಂಬ ಏರುಕ್ರಮವಿದ್ದರೆ, ಕುದುರೆ ಪಡೆಯಲ್ಲಿ ಸವಾರ್, ದಫೇದಾರ್, ಜಮಾದಾರ್, ರಿಸಾಲ್ದಾರ್ ಎಂಬ ಹೆಸರುಗಳಿವೆ. ಹೀಗಾಗಿ ದಳದ ಹೆಸರು ಅಳಿಸಿಹೋಗಿದ್ದರೂ ದರ್ಜೆಯೊಂದೇ ಆತ ಯಾವ ಬಗೆಯ ಪಡೆಯಲ್ಲಿದ್ದನೆಂದು ಹೇಳಬಲ್ಲದು. ಸ್ಯಾಪರ್ ಎಂದಿದ್ದರೆ ಎಂಜಿನಿಯರ್ ದಳ. ಡ್ರಾಬಿ ಎಂದಿದ್ದರೆ ಹೇಸರಗತ್ತೆ, ಗಾಡಿಗಳನ್ನು ನಡೆಸುತ್ತಿದ್ದ ಸಾಗಣೆ ದಳದ ಚಾಲಕ. ಭಿಸ್ತಿ, ಕುಕ್, ಬೇರರ್ ಮುಂತಾದವು ಸೇನೆಯ ಜೊತೆ ಹೋದ ನೀರು ಹೊರುವವರು, ಅಡುಗೆಯವರು ಮತ್ತು ಡೋಲಿ ಹೊರುವವರ ಗುರುತುಗಳು.

ದಳದ ಹೆಸರಿನಲ್ಲಿ ಎರಡು ದೊಡ್ಡ ತಿರುವುಗಳನ್ನು ನೆನಪಿಡಬೇಕು: 1903ರ ಮರುಸಂಖ್ಯೆ ಮತ್ತು 1922ರ ಪುನರ್ರಚನೆ. 1903ರಲ್ಲಿ ಆಗಿನ ಮಹಾದಂಡನಾಯಕ ಲಾರ್ಡ್ ಕಿಚನರ್ ಮದರಾಸು, ಬಂಗಾಳ, ಮುಂಬಯಿಗಳ ಪ್ರತ್ಯೇಕ ಸಂಖ್ಯಾಕ್ರಮಗಳನ್ನು ತೆಗೆದು ಇಡೀ ಸೇನೆಗೆ ಒಂದೇ ಸಾಲು ತಂದಾಗ, ಮದರಾಸಿನ ಕಾಲಾಳು ದಳಗಳ ಹಳೆಯ ಸಂಖ್ಯೆಗೆ 60 ಕೂಡಿಸಲಾಯಿತು. ಮದರಾಸಿನ 1ನೆಯ ಪಯೋನಿಯರ್ಸ್ 61ನೆಯದಾಯಿತು, 4ನೆಯದು 64ನೆಯದಾಯಿತು, 21ನೆಯದು 81ನೆಯದಾಯಿತು. ಬೆಂಗಳೂರಿನಲ್ಲಿ ನೆಲೆಯಿದ್ದ ಮದರಾಸ್ ಸ್ಯಾಪರ್‌ಗಳನ್ನು 1911ರ ನಂತರದ ಪದಕಗಳಲ್ಲಿ ‘2, ಕ್ಯೂ.ವಿ.ಓ., ಎಸ್. ಅಂಡ್ ಎಂ.’ ಎಂಬ ಗುರುತಿನಿಂದ, ಅಂದರೆ ಎರಡನೆಯ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂದು ತಿಳಿಯಬೇಕು. ಒಂದನೆಯದು ರೂರ್ಕಿಯ ಬಂಗಾಳ ದಳ, ಮೂರನೆಯದು ಕಿರ್ಕಿಯ ಮುಂಬಯಿ ದಳ.

ಒಂದು ಎಚ್ಚರಿಕೆ. ‘ಕಾರ್ನಾಟಿಕ್ ಇನ್‌ಫೆಂಟ್ರಿ’ ಎಂಬ ಹೆಸರಿನ ದಳಗಳು, ಉದಾಹರಣೆಗೆ 73, 75, 80, 86 ಮತ್ತು 88ನೆಯವು, ಇಂದಿನ ಕರ್ನಾಟಕದವಲ್ಲ. ಆ ಹೆಸರು ಆರ್ಕಾಟಿನ ನವಾಬರ ಆಳ್ವಿಕೆಯಲ್ಲಿದ್ದ ಪೂರ್ವ ಕರಾವಳಿಯ ಸೀಮೆಗೆ ಸೇರಿದ್ದು. ಇಂತಹ ಪದಕವನ್ನು ಕನ್ನಡ ನಾಡಿನ ಸೈನಿಕನದೆಂದು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ.

ಅಂಚಿನಲ್ಲಿ ಹೆಸರಿಲ್ಲದಿದ್ದರೆ ಪದಕ ನಕಲಿಯೇ?

ಹಾಗೆ ಹೇಳಲಾಗದು. 1903 ಮತ್ತು 1911ರ ದೆಹಲಿ ದರ್ಬಾರಿನ ಪದಕಗಳನ್ನು ಹೆಸರಿಲ್ಲದೆಯೇ ವಿತರಿಸಲಾಯಿತು. ಎರಡನೆಯ ಮಹಾಯುದ್ಧದ ಸ್ಟಾರ್‌ಗಳನ್ನೂ ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಡಲಾಯಿತು. ಭಾರತೀಯ ಸೈನಿಕರ ಹಲವು ಪದಕಗಳಲ್ಲಿ ಹೆಸರು ಕಾಣುತ್ತದೆ. ಮುಂದೆ ವಿವರಿಸಿರುವ 1799ರ ಶ್ರೀರಂಗಪಟ್ಟಣದ ಪದಕಕ್ಕೂ ಹೆಸರಿಲ್ಲ. ಆದರೆ ಮೊದಲನೆಯ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಅಥವಾ 1908ರ ಇಂಡಿಯಾ ಜನರಲ್ ಸರ್ವಿಸ್ ಮೆಡಲ್‌ನ ಅಂಚು ಖಾಲಿಯಿದ್ದರೆ ಕಾರಣ ಹುಡುಕಬೇಕು: ಹಿಂದಿನ ಹೆಸರನ್ನು ಅರದಿಂದ ಉಜ್ಜಿ ತೆಗೆದಿರಬಹುದು. ಈ ಪದಕಗಳ ವ್ಯಾಸ ಸುಮಾರು 36 ಮಿ.ಮೀ. ಕ್ಯಾಲಿಪರಿನಿಂದ ಹಲವು ದಿಕ್ಕುಗಳಲ್ಲಿ ಅಳೆದಾಗ ಒಂದು ದಿಕ್ಕಿನಲ್ಲಿ ಅಳತೆ ಕಡಿಮೆ ಬಂದರೆ ಅಥವಾ ಅಂಚು ಸಮತಟ್ಟಾಗಿರದೆ ತಗ್ಗಿದ್ದರೆ ಅಲ್ಲಿ ಹೆಸರು ಅಳಿಸಲಾಗಿದೆ ಎಂದೇ ತಿಳಿಯಬೇಕು. ಅಳಿಸಿದ ಜಾಗದಲ್ಲಿ ಪ್ರಸಿದ್ಧ ದಳದ ಹೆಸರನ್ನು ಹೊಸದಾಗಿ ಕೆತ್ತಿಸಿ ಮಾರುವುದು ಹಳೆಯ ವಂಚನೆ.

ಮೊದಲನೆಯ ಮಹಾಯುದ್ಧದ ಪದಕಗಳು ನಮ್ಮಲ್ಲಿ ಹೆಚ್ಚು ಸಿಗುತ್ತವೆ. ಅವುಗಳನ್ನು ಗುರುತಿಸುವುದು ಹೇಗೆ?

10 ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕಾಗಿ ಸಮುದ್ರ ದಾಟಿದ್ದರಿಂದ ಇವು ಹಳ್ಳಿಗಳಲ್ಲಿಯೂ ಇವೆ. ಬ್ರಿಟಿಷ್ ವಾರ್ ಮೆಡಲ್ ಬೆಳ್ಳಿಯದು: ಒಂದು ಕಡೆ ಐದನೆಯ ಜಾರ್ಜ್, ಇನ್ನೊಂದು ಕಡೆ ಕುದುರೆಯ ಮೇಲೆ ಬೆತ್ತಲೆ ಸೇಂಟ್ ಜಾರ್ಜ್, ಮತ್ತು ನಡುವೆ ಕಿತ್ತಳೆ ಬಣ್ಣ, ಇಕ್ಕೆಲಗಳಲ್ಲಿ ಬಿಳಿ, ಕಪ್ಪು, ನೀಲಿ ಪಟ್ಟೆಗಳಿರುವ ರಿಬ್ಬನ್. ವಿಕ್ಟರಿ ಮೆಡಲ್ ಕಂಚಿನದು: ರೆಕ್ಕೆಗಳುಳ್ಳ ವಿಜಯದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್. ಎರಡರ ವಿನ್ಯಾಸಕ ವಿಲಿಯಂ ಮ್ಯಾಕ್‌ಮಿಲನ್.

ವಾರ್ ಮೆಡಲ್ ಕಂಚಿನದ್ದಾಗಿದ್ದರೆ ಅದನ್ನು ನಕಲಿಯೆಂದು ತಳ್ಳಿಹಾಕಬೇಡಿ. ಸುಮಾರು 1,10,000 ಪದಕಗಳನ್ನು ಕಂಚಿನಲ್ಲಿಯೇ ಟಂಕಿಸಿ, ಶಸ್ತ್ರ ಹಿಡಿಯದ ಕಾರ್ಮಿಕ ದಳಗಳಿಗೂ ಅನುಚರರಿಗೂ ಕೊಡಲಾಯಿತು; ಅವರಲ್ಲಿ ಬಹಳ ಮಂದಿ ಭಾರತೀಯರು ಮತ್ತು ಚೀನೀಯರು. ಅದೇ ಯುದ್ಧ, ಅದೇ ಹಡಗು, ಅದೇ ರೋಗರುಜಿನ, ಆದರೆ ಲೋಹ ಬೇರೆ. ಸಂಗ್ರಾಹಕರು ಬಹುಕಾಲ ಬೆಳ್ಳಿಯ ಹಿಂದೆ ಹೋದರು. ಒಬ್ಬ ಭಿಸ್ತಿಯ ಹೆಸರಿರುವ ಕಂಚಿನ ಪದಕ ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚಿನದು, ಏಕೆಂದರೆ ಅಂತಹವನ ಹೆಸರು ಬೇರೆಲ್ಲಿಯೂ ಉಳಿದಿರುವ ಸಂಭವ ಬಹಳ ಕಡಿಮೆ.

ಇನ್ನೊಂದು ಉಪಯುಕ್ತ ನಿಯಮವಿದೆ. ವಿಕ್ಟರಿ ಮೆಡಲನ್ನು ಪ್ರತ್ಯೇಕವಾಗಿ ಯಾರಿಗೂ ಕೊಟ್ಟಿಲ್ಲ. ಅದನ್ನು ಪಡೆದವನಿಗೆ ವಾರ್ ಮೆಡಲ್ ಇದ್ದೇ ಇತ್ತು. 1914-15ರ ಸ್ಟಾರ್ ಪಡೆದವನಿಗೆ ಮೂರೂ ಇದ್ದವು. ಆದ್ದರಿಂದ ವಿಕ್ಟರಿ ಮೆಡಲ್ ಒಂಟಿಯಾಗಿ ಸಿಕ್ಕರೆ ಅದರ ಬೆಳ್ಳಿಯ ಜೊತೆಗಾರ ಬೇರ್ಪಟ್ಟಿದೆ ಎಂದರ್ಥ. ಬಹುಪಾಲು ಸಂದರ್ಭಗಳಲ್ಲಿ ಅದು ಅಕ್ಕಸಾಲಿಯ ಮೂಸೆ ಸೇರಿರುತ್ತದೆ. 1980ರ ಆರಂಭದಲ್ಲಿ ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಏರಿದಾಗ ಬ್ರಿಟನ್ನಿನಲ್ಲಿಯೂ ಇಂತಹ ಪದಕಗಳನ್ನು ದೊಡ್ಡ ಸಂಖ್ಯೆಯಲ್ಲಿ ಕರಗಿಸಲಾಯಿತು.

ಶ್ರೀರಂಗಪಟ್ಟಣದ ಪದಕ ಎಂದರೆ ಯಾವುದು? ಅದು ಈಗಲೂ ಸಿಗುತ್ತದೆಯೇ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ನಂತರ, ಆ ಕಾಳಗದಲ್ಲಿ ಭಾಗವಹಿಸಿದವರಿಗಾಗಿ ಕಂಪನಿ ಮಾಡಿಸಿದ ಪದಕವಿದು. ವಿನ್ಯಾಸ ಕುಕ್ಲರ್ ಎಂಬ ಜರ್ಮನ್ ಕಲಾವಿದನದು. ಟಂಕಿಸಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್ನನ ಸೋಹೊ ಟಂಕಸಾಲೆಯಲ್ಲಿ. ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಅದರ ಮೇಲೆ ಎರಗಿದೆ. ಹುಲಿ ಟಿಪ್ಪುವಿನ ಲಾಂಛನವಾಗಿದ್ದುದರಿಂದ ಇದರ ಉದ್ದೇಶ ಸ್ಪಷ್ಟ. ಮೇಲಿನ ಬಾವುಟದಲ್ಲಿ ಅರಬ್ಬಿಯಲ್ಲಿ ‘ಅಸದುಲ್ಲಾ ಅಲ್ ಗಾಲಿಬ್’, ಅಂದರೆ ‘ದೇವರ ಸಿಂಹವೇ ವಿಜಯಿ’ ಎಂದಿದೆ. ಇನ್ನೊಂದು ಮುಖದಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯ, ಅದರ ಕೆಳಗೆ ಪಾರಸಿ ಬರಹ.

ಒಂದೇ ಪದಕವನ್ನು ದರ್ಜೆಗೆ ತಕ್ಕಂತೆ ಐದು ಬಗೆಯಲ್ಲಿ ಮಾಡಲಾಯಿತು: ಅತ್ಯುನ್ನತ ಅಧಿಕಾರಿಗಳಿಗೆ ಚಿನ್ನ, ನಂತರದವರಿಗೆ ಚಿನ್ನದ ಮುಲಾಮಿನ ಬೆಳ್ಳಿ, ಬಳಿಕ ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸಿಪಾಯಿಗಳಿಗೆ ತವರ. ಸೋಹೊ ಪದಕದ ವ್ಯಾಸ ಸುಮಾರು 48 ಮಿ.ಮೀ.; ಕಲ್ಕತ್ತೆಯಲ್ಲಿ ಟಂಕಿಸಿದ್ದು ಸುಮಾರು 45 ಮಿ.ಮೀ. ಮೂಲ ಪದಕಕ್ಕೆ ನೇತುಹಾಕುವ ಕೊಂಡಿ ಇರಲಿಲ್ಲ. ಪಡೆದವರು ತಮಗೆ ಬೇಕಾದಂತೆ ಕೊಂಡಿ, ಉಂಗುರ ಹಾಕಿಸಿಕೊಂಡರು. ಆದ್ದರಿಂದ ಕೊಂಡಿಯ ಆಕಾರ ನೋಡಿ ಅಸಲಿ ನಕಲಿ ತೀರ್ಮಾನಿಸಲಾಗದು. ತವರ ಮೆತುವಾದ ಲೋಹವಾದ್ದರಿಂದ ಸಿಪಾಯಿಗಳ ಪದಕಗಳು ಬಹುತೇಕ ಮೊನಚು ಕಳೆದುಕೊಂಡಿರುತ್ತವೆ. ಹೊಸದರಂತೆ ಚೂಪಾದ ಗೆರೆಗಳುಳ್ಳ ತವರದ ಪದಕವನ್ನು ಶ್ರೀರಂಗಪಟ್ಟಣದ ಪ್ರವಾಸಿ ತಾಣದ ಸುತ್ತಮುತ್ತ ಯಾರಾದರೂ ಅಗ್ಗವಾಗಿ ಕೊಡಬಂದರೆ ಕೊಳ್ಳಬೇಡಿ.

ಇದಕ್ಕೂ ಹಿಂದೆ, ಮೂರನೆಯ ಮೈಸೂರು ಯುದ್ಧದಲ್ಲಿ ಸೇವೆ ಸಲ್ಲಿಸಿದ ಭಾರತೀಯ ಸೈನಿಕರಿಗೆ ಮಾತ್ರ ಕಂಪನಿ 1791-92ರ ಇನ್ನೊಂದು ಪದಕ ಕೊಟ್ಟಿತ್ತು. ಅದರಲ್ಲಿ ಧ್ವಜ ಹಿಡಿದ ಸಿಪಾಯಿಯೂ ಹಿನ್ನೆಲೆಯಲ್ಲಿ ಶ್ರೀರಂಗಪಟ್ಟಣದ ಕೋಟೆಯೂ ಇವೆ. ಅದು ಇನ್ನೂ ವಿರಳ.

ಕನ್ನಡ ಲಿಪಿಯಿರುವ ಸೇನಾ ಪದಕ ಇದೆಯೇ?

ಇದೆ: 1837ರ ಕೊಡಗಿನ ಪದಕ. ಆ ವರ್ಷ ಏಪ್ರಿಲಿನಲ್ಲಿ ಕೊಡಗು, ಸುಳ್ಯ, ದಕ್ಷಿಣ ಕನ್ನಡ ಸೀಮೆಯ ರೈತರು ಕಂಪನಿಯ ವಿರುದ್ಧ ಎದ್ದು ಮಂಗಳೂರಿನವರೆಗೆ ನಡೆದರು. ನಾವು ಇಂದು ಅಮರ ಸುಳ್ಯದ ಬಂಡಾಯವೆಂದು ನೆನೆಯುವ ಆ ಹೋರಾಟವನ್ನು ಹತ್ತಿಕ್ಕುವಲ್ಲಿ ಕಂಪನಿಯ ಪರ ನಿಂತ ಕೊಡಗಿನವರಿಗೆ ಚಿನ್ನ ಮತ್ತು ಬೆಳ್ಳಿಯಲ್ಲಿ ಈ ಪದಕ ನೀಡಲಾಯಿತು. ಕತ್ತಿ ಎತ್ತಿ ಹಿಡಿದ, ಕೋವಿಧಾರಿಯಾದ ಕೊಡಗಿನ ಯೋಧನ ಚಿತ್ರದ ಸುತ್ತ ಕನ್ನಡದಲ್ಲಿ, ಇನ್ನೊಂದು ಬದಿಯಲ್ಲಿ ಇಂಗ್ಲಿಷಿನಲ್ಲಿ ಕಂಪನಿ ಸರ್ಕಾರಕ್ಕೆ ತೋರಿದ ನಿಷ್ಠೆಯನ್ನು ಹೊಗಳುವ ಬರಹವಿದೆ. 

ಮಡಿಕೇರಿಯ ಕೋಟೆಯ ಬಳಿ ಬಂಡಾಯದ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ಅದೇ ವರ್ಷ. ಮಂಗಳೂರಿನ ಬಾವುಟಗುಡ್ಡದಲ್ಲಿ ಈಗ ಇನ್ನೊಬ್ಬ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ. ಸೋತವರ ಕಡೆಯ ನೆನಪು ಪ್ರತಿಮೆಯಾಗಿ ಉಳಿದರೆ ಗೆದ್ದವರ ಕಡೆಯ ದಾಖಲೆ ಈ ಪದಕ. ಅದನ್ನು ಸಂಗ್ರಹಿಸುವುದೆಂದರೆ ಕಂಪನಿಯನ್ನು ಮೆಚ್ಚುವುದಲ್ಲ, ಆ ಚರಿತ್ರೆಯ ಒಂದು ಪುಟವನ್ನು ಕಳೆದುಹೋಗದಂತೆ ಕಾಯುವುದು. ಕಂಪನಿಯ ಕಾಲದ ಪದಕಗಳನ್ನು ಭಾರತದ ಟಂಕಸಾಲೆಗಳಲ್ಲಿ ಸಂಗ್ರಾಹಕರಿಗಾಗಿ ಆಮೇಲೆ ಮರು ಅಚ್ಚು ಹಾಕಿದ್ದುಂಟು. ಆದ್ದರಿಂದ ಕೊಡಗಿನ ಪದಕ ಎದುರಾದಾಗ ಅನುಭವಿ ನಾಣ್ಯತಜ್ಞರ ಅಭಿಪ್ರಾಯ ಪಡೆಯದೆ ಹಣ ಕೊಡಬಾರದು.

ಬ್ಯಾಡ್ಜಿನ ಕಾಲವನ್ನು ನಿರ್ಧರಿಸುವುದು ಹೇಗೆ?

ಕಿರೀಟ ಇದ್ದರೆ ಅದೇ ಮೊದಲ ಸಾಕ್ಷಿ. ರಾಣಿ ವಿಕ್ಟೋರಿಯಾ ಕಾಲದ, ಅಂದರೆ 1901ರವರೆಗಿನ ಕಿರೀಟದ ಕಮಾನುಗಳು ನಡುವೆ ತಗ್ಗಿರುತ್ತವೆ. 1901ರಿಂದ 1952ರವರೆಗೆ ರಾಜರ ಕಾಲದಲ್ಲಿ ಬಳಸಿದ ಟ್ಯೂಡರ್ ಕಿರೀಟದ ಕಮಾನು ಗುಮ್ಮಟದಂತೆ ಮೇಲಕ್ಕೆ ಉಬ್ಬಿರುತ್ತದೆ. ರಾಣಿ ಎಲಿಜಬೆತ್ ಕಾಲದ ಕಿರೀಟ ಮತ್ತೆ ನಡುವೆ ತಗ್ಗು. ಭಾರತ 1950ರ ಜನವರಿ 26ರಂದು ಗಣರಾಜ್ಯವಾಗಿ ಸೇನಾ ಲಾಂಛನಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದುದರಿಂದ, ಎಲಿಜಬೆತ್ ಕಾಲದ ಕಿರೀಟವುಳ್ಳ ಬ್ಯಾಡ್ಜು ಭಾರತೀಯ ಸೇನೆಯದ್ದಾಗಿರಲು ಸಾಧ್ಯವಿಲ್ಲ. ಹೀಗಾಗಿ ಭಾರತೀಯ ದಳದ ಬ್ಯಾಡ್ಜಿನಲ್ಲಿ ತಗ್ಗು ಕಮಾನು ಕಂಡರೆ ಅದು ಒಂದೋ ವಿಕ್ಟೋರಿಯಾ ಕಾಲದ್ದು, ಇಲ್ಲವೇ ತಿಳಿವಳಿಕೆಯಿಲ್ಲದೆ ಮಾಡಿದ ನಕಲು.

ಎರಡನೆಯದು ಹಿಂಬದಿ. ಟೋಪಿಗೆ ಸಿಕ್ಕಿಸಲು ಎರಡು ಕಿವಿಗಳೂ ಅವುಗಳ ಮೂಲಕ ತೂರಿಸುವ ತಂತಿಯ ಪಿನ್ನೂ ಇವೆಯೇ, ಅಥವಾ ಉದ್ದನೆಯ ಜಾರುಪಟ್ಟಿಯಿದೆಯೇ ನೋಡಿ. ಬೆಸುಗೆ ಹಳೆಯದಾಗಿ ಲೋಹದ ಬಣ್ಣಕ್ಕೇ ತಿರುಗಿರಬೇಕು. ಹೊಳೆಯುವ ಬೆಸುಗೆ ಅನುಮಾನಕ್ಕೆ ಕಾರಣ.

ಮೂರನೆಯದು ಚಿಹ್ನೆ. ಆನೆಯ ಚಿಹ್ನೆ ಮದರಾಸು ದಳಗಳಲ್ಲಿ 1803ರ ಅಸ್ಸಾಯೆ ಕಾಳಗದ ಗೌರವವಾಗಿ ಬಂದಿದ್ದು, ಇಂದಿನ ಮದರಾಸ್ ರೆಜಿಮೆಂಟಿನ ಲಾಂಛನದಲ್ಲಿಯೂ ಇದೆ. ಮೈಸೂರು ಸಂಸ್ಥಾನದ ಪಡೆಗಳಲ್ಲಿ ಗಂಡಭೇರುಂಡ. ಇವಲ್ಲದೆ ಬೆಂಗಳೂರು ರೈಫಲ್ ವಾಲಂಟಿಯರ್ಸ್, ಕೋಲಾರ ಚಿನ್ನದ ಗಣಿಯ ವಾಲಂಟಿಯರ್ಸ್, ಕೂರ್ಗ್ ಅಂಡ್ ಮೈಸೂರು ರೈಫಲ್ಸ್ ಎಂಬ ಸ್ವಯಂಸೇವಕ ದಳಗಳೂ ಇದ್ದವು. ಹೆಚ್ಚಾಗಿ ಯುರೋಪಿಯನ್ನರೂ ಆಂಗ್ಲೋ ಇಂಡಿಯನ್ನರೂ ಇದ್ದ ಆ ಸಣ್ಣ ದಳಗಳ ಟೋಪಿ ಬ್ಯಾಡ್ಜು, ಭುಜಪಟ್ಟಿ, ಗುಂಡಿಗಳು ಕರ್ನಾಟಕದ ಸಂಗ್ರಾಹಕನಿಗೆ ಅತ್ಯುತ್ತಮ ಕ್ಷೇತ್ರವೆಂದು ನಾನು ಭಾವಿಸುತ್ತೇನೆ: ವಸ್ತು ಚಿಕ್ಕದು, ವಿಷಯ ಸ್ಥಳೀಯ, ಅಧ್ಯಯನ ಮಾಡಿದವರು ಕಡಿಮೆ.

ಮೈಸೂರು ಲ್ಯಾನ್ಸರ್ಸ್‌ನ ಪದಕವನ್ನು ಹೇಗೆ ಗುರುತಿಸುವುದು?

1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಕುದುರೆ ದಳಗಳು, ಇಂದಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದವು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಯೋಧರು ಜೋಧಪುರ, ಮೈಸೂರು, ಹೈದರಾಬಾದುಗಳ ಪ್ರತಿನಿಧಿಗಳು. ಆಗ ಈ ಪಡೆಗಳು ‘ಇಂಪೀರಿಯಲ್ ಸರ್ವಿಸ್’ (ಸಾಮ್ರಾಜ್ಯದ ಸೇವೆಗೆ ಸಂಸ್ಥಾನಗಳು ಒದಗಿಸಿದ ಪಡೆ) ಹೆಸರಿನಲ್ಲಿದ್ದುದರಿಂದ ಮೊದಲನೆಯ ಮಹಾಯುದ್ಧದ ಪದಕಗಳಲ್ಲಿ ‘ಮೈಸೂರ್’ ಎಂಬ ಹೆಸರಿನ ಜೊತೆ ‘ಐ.ಎಸ್.’ ಎಂಬ ಅಕ್ಷರಗಳೂ ಲ್ಯಾನ್ಸರ್ಸ್ ಎಂಬುದರ ಸಂಕ್ಷೇಪವೂ ಇರುತ್ತವೆ. ದರ್ಜೆ ಸವಾರ, ದಫೇದಾರ, ಜಮಾದಾರ ಅಥವಾ ರಿಸಾಲ್ದಾರ ಆಗಿರಬೇಕು. ಸಿಪಾಯಿ ಎಂದಿದ್ದರೆ ಅನುಮಾನಿಸಿ. ಹೈಫಾದ ಶತಮಾನೋತ್ಸವದ ನಂತರ ಬೇಡಿಕೆ ಏರಿರುವುದರಿಂದ ಮರುಕೆತ್ತನೆಯ ಅಪಾಯವೂ ಇಲ್ಲಿ ಹೆಚ್ಚು. 1953ರಲ್ಲಿ ಈ ದಳವನ್ನು 61ನೆಯ ಕ್ಯಾವಲ್ರಿಯಲ್ಲಿ ವಿಲೀನಗೊಳಿಸಲಾಯಿತು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ.

ಎರಕದ ನಕಲನ್ನು ಕಂಡುಹಿಡಿಯುವುದು ಹೇಗೆ?

ಅಸಲಿ ಪದಕಗಳನ್ನು ಉಕ್ಕಿನ ಅಚ್ಚಿನ ನಡುವೆ ಒತ್ತಿ ಮಾಡುತ್ತಾರೆ. ನಕಲುಗಳನ್ನು ಹೆಚ್ಚಾಗಿ ಅಸಲಿಯ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಕರಗಿದ ಲೋಹ ತಣಿಯುವಾಗ ಕುಗ್ಗುವುದರಿಂದ ಎರಕದ ನಕಲು ಮೂಲಕ್ಕಿಂತ ತುಸು ಚಿಕ್ಕದಾಗುತ್ತದೆ. ಅದರ ಮೇಲ್ಮೈಯಲ್ಲಿ ಗಾಳಿಗುಳ್ಳೆಗಳ ಸೂಕ್ಷ್ಮ ಕುಳಿಗಳು, ಅಂಚಿನ ಸುತ್ತ ಅರದಿಂದ ಉಜ್ಜಿದ ಕೂಡುಗೆರೆ, ಮೊಂಡಾದ ಅಕ್ಷರಗಳು ಕಾಣುತ್ತವೆ. ಬ್ಯಾಡ್ಜುಗಳಲ್ಲಿ ಮಾತ್ರ ಈ ನಿಯಮವನ್ನು ಕುರುಡಾಗಿ ಅನ್ವಯಿಸಬಾರದು, ಏಕೆಂದರೆ ಯುದ್ಧಕಾಲದಲ್ಲಿ ಭಾರತದ ಬಜಾರುಗಳಲ್ಲಿ ದಳಗಳಿಗಾಗಿಯೇ ಹಿತ್ತಾಳೆಯಲ್ಲಿ ಎರಕ ಹೊಯ್ದ ಒರಟು ಬ್ಯಾಡ್ಜುಗಳೂ ಅಸಲಿಯೇ. ಅವುಗಳ ಹಿಂಬದಿಯ ಸವೆತ ಸಹಜವಾಗಿರುತ್ತದೆ. ಸಮವಸ್ತ್ರಕ್ಕೆ ತಾಗುವ ಎತ್ತರದ ಜಾಗಗಳಲ್ಲಿ ಹೆಚ್ಚು, ಮೂಲೆಗಳಲ್ಲಿ ಕಡಿಮೆ.

ಪದಕವನ್ನು ತೊಳೆದು ಹೊಳಪು ಕೊಡಬಹುದೇ?

ಬೇಡ. ಹುಣಸೆಹಣ್ಣು, ಸೀಗೆಪುಡಿ, ಬೂದಿ, ಅಂಗಡಿಯ ಪಾಲಿಶ್ ಯಾವುದೂ ಬೇಡ. ಪ್ರತಿ ಉಜ್ಜುವಿಕೆಯೂ ಅಂಚಿನ ಹೆಸರನ್ನು ಒಂದಿಷ್ಟು ತೆಗೆದುಕೊಂಡೇ ಹೋಗುತ್ತದೆ. ಧೂಳಿದ್ದರೆ ಮೆತ್ತನೆಯ ಬ್ರಷ್ ಸಾಕು. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಆದ್ದರಿಂದ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಮತ್ತು ಪತ್ರಿಕೆಯ ಕಾಗದದಲ್ಲಿ ಸುತ್ತಿಡಬಾರದು. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಹೊದಿಕೆಗಳು ಕಾಲಕ್ರಮೇಣ ಲೋಹದ ಮೇಲೆ ಹಸಿರು ಅಂಟು ಬಿಡುತ್ತವೆ. ಮಲೆನಾಡು, ಕೊಡಗು, ಕರಾವಳಿಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡಬೇಕು. ಹಳೆಯ ರಿಬ್ಬನ್ ಹರಿದಿದ್ದರೂ ಎಸೆಯದೆ ಬೇರೆ ಕವರಿನಲ್ಲಿ ಜೊತೆಗೇ ಇಡಿ.

ಕಾನೂನು ಏನು ಹೇಳುತ್ತದೆ?

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷಕ್ಕೂ ಹಳೆಯದಾದ ನಾಣ್ಯ, ಕಲಾಕೃತಿ ಮತ್ತು ಐತಿಹಾಸಿಕ ವಸ್ತುಗಳು ಪುರಾವಸ್ತುಗಳ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ದೇಶದಿಂದ ಹೊರಗೆ ಕಳುಹಿಸುವ ಹಕ್ಕು ಖಾಸಗಿ ವ್ಯಕ್ತಿಗಿಲ್ಲ, ವ್ಯಾಪಾರ ಮಾಡಲು ಪರವಾನಗಿ ಬೇಕು. ಮೊದಲನೆಯ ಮಹಾಯುದ್ಧದ ಪದಕಗಳೂ ಈಗ 100 ವರ್ಷ ದಾಟಿವೆ ಎಂಬುದನ್ನು ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಪದಕ ಕಳುಹಿಸಬಯಸುವವರು ಗಮನಿಸಬೇಕು. ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಮೊದಲೇ ವಿಚಾರಿಸಿ.

ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪನ್ನೋ ಲಾಂಛನವನ್ನೋ ಧರಿಸುವುದು ಅಪರಾಧ. ಸಂಗ್ರಹದ ವಸ್ತು ಪೆಟ್ಟಿಗೆಯಲ್ಲಿರಲಿ, ಎದೆಯ ಮೇಲೆ ಬೇಡ.

ಅಂಚಿನ ಹೆಸರಿನಿಂದ ಆ ಸೈನಿಕನನ್ನು ಪತ್ತೆಹಚ್ಚಬಹುದೇ?

ಕೆಲವೊಮ್ಮೆ. ಬ್ರಿಟನ್ನಿನ ಪದಕ ಸೂಚಿ ಕಾರ್ಡುಗಳಲ್ಲಿ ಭಾರತೀಯ ಸಿಪಾಯಿಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಯುದ್ಧದಲ್ಲಿ ಮಡಿದವನಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದತ್ತಾಂಶದಲ್ಲಿ ಹುಡುಕಿ. ಅಲ್ಲಿ ಹಲವು ಬಾರಿ ತಂದೆಯ ಹೆಸರು ಮತ್ತು ಊರು ಕೂಡ ಇರುತ್ತದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳು, ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಮೈಸೂರು ಸಂಸ್ಥಾನದ ಕಡತಗಳಿಗಾಗಿ ಕರ್ನಾಟಕ ರಾಜ್ಯ ಪತ್ರಾಗಾರ ಮುಂದಿನ ಮೆಟ್ಟಿಲುಗಳು. ಹುಡುಕುವಾಗ ಹೆಸರಿನ ಕಾಗುಣಿತವನ್ನು ಹಲವು ಬಗೆಯಲ್ಲಿ ಪ್ರಯತ್ನಿಸಬೇಕು; ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಹೆಸರೇ ಅಂಚಿನಲ್ಲಿದೆ. ಸಂಖ್ಯೆ ಮತ್ತು ದಳ ಹೊಂದಿಕೆಯಾದರೆ ಕಾಗುಣಿತದ ವ್ಯತ್ಯಾಸವನ್ನು ಕಡೆಗಣಿಸಬಹುದು.

ಒಬ್ಬನೇ ಸೈನಿಕನ ಮೂರು ಪದಕಗಳಿವೆ. ಬೇರೆ ಬೇರೆಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆಯೇ?

ಬರುವುದಿಲ್ಲ, ಮತ್ತು ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಹೆಸರಿನ ಪೂರ್ಣ ಗುಂಪಿಗೆ ಬಿಡಿ ಪದಕಗಳ ಒಟ್ಟು ಬೆಲೆಗಿಂತ ಹೆಚ್ಚಿನ ಬೆಲೆಯಿದೆ. ಒಮ್ಮೆ ಬೇರ್ಪಟ್ಟ ಪದಕಗಳು ಮತ್ತೆ ಒಂದಾಗುವುದು ಬಹಳ ಅಪರೂಪ. ಬೆಲೆಯನ್ನು ನಿರ್ಧರಿಸುವುದು ಲೋಹದ ತೂಕವಲ್ಲ. ದಳ, ಹೆಸರು, ಕ್ಲಾಸ್ಪು (ರಿಬ್ಬನ್ನಿನ ಮೇಲೆ ಕೂರುವ, ಕಾರ್ಯಾಚರಣೆಯ ಹೆಸರಿರುವ ಲೋಹದ ಪಟ್ಟಿ) ಮತ್ತು ಜೊತೆಗಿರುವ ಕಾಗದಪತ್ರ. 1908ರ ಇಂಡಿಯಾ ಜನರಲ್ ಸರ್ವಿಸ್ ಮೆಡಲ್‌ನ ರಿಬ್ಬನ್ನಿನ ಮೇಲೆ ‘ಮಲಬಾರ್ 1921-22’ ಎಂಬ ಕ್ಲಾಸ್ಪು ಇದ್ದರೆ ಅದು ವಾಯವ್ಯ ಗಡಿಯ ಸಾಮಾನ್ಯ ಕ್ಲಾಸ್ಪಿಗಿಂತ ವಿರಳ. ತೂಕ ಹಾಕಿ ಬೆಲೆ ಹೇಳುವ ಅಂಗಡಿಯಿಂದ ಪದಕವನ್ನು ಹಿಂದಕ್ಕೆ ತೆಗೆದುಕೊಂಡು ಬನ್ನಿ.

ಮಾರುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ. ಏನು ಮಾಡಬೇಕು?

ಎರಡೂ ಮುಖಗಳನ್ನೂ ಅಂಚಿನ ಪೂರ್ತಿ ಸುತ್ತನ್ನೂ ಅಳತೆಪಟ್ಟಿಯ ಜೊತೆ ಫೋಟೊ ತೆಗೆಯಿರಿ. ಅಂಚಿನ ಅಕ್ಷರಗಳನ್ನು ಇದ್ದಂತೆಯೇ, ತಪ್ಪು ಕಾಗುಣಿತವನ್ನೂ ತಿದ್ದದೆ, ಒಂದು ಹಾಳೆಯಲ್ಲಿ ಬರೆದಿಡಿ. ಆತ ನಿಮಗೆ ಏನಾಗಬೇಕು, ಯಾವ ಊರಿನವನು, ಮನೆಯಲ್ಲಿ ಆತನ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಈಗ ಇರುವ ಅತ್ಯಂತ ಹಿರಿಯರನ್ನು ಕೇಳಿ ಅದೇ ಹಾಳೆಯಲ್ಲಿ ಸೇರಿಸಿ, ಹೇಳಿದವರ ಹೆಸರು ಮತ್ತು ದಿನಾಂಕ ಹಾಕಿ. ಪಿಂಚಣಿ ಪುಸ್ತಕ, ಬಿಡುಗಡೆ ಪತ್ರ ಅಥವಾ ಸಮವಸ್ತ್ರದಲ್ಲಿರುವ ಹಳೆಯ ಛಾಯಾಚಿತ್ರವಿದ್ದರೆ ಅವುಗಳ ಪ್ರತಿಯನ್ನೂ ಜೊತೆಗಿಡಿ. ಒಂದು ಪ್ರತಿ ಪದಕದ ಡಬ್ಬಿಯೊಳಗಿರಲಿ, ಇನ್ನೊಂದು ಬೇರೆ ಊರಿನಲ್ಲಿರುವ ಸಂಬಂಧಿಕರ ಬಳಿ ಇರಲಿ.